ಊದುಕೊಳವೆ ಬಾಯಲ್ಲಿದ್ದಾಗ

ಬೇರುವಲದ ರತ್ನದ ಬೀದಿಯಲ್ಲಿ ಮರ್ಜೂಕ್‌ನ ಬಾಯಿಗೆ ಬೀಗ ಹಾಕಬಲ್ಲದ್ದು ಅವನ ಊದುಕೊಳವೆ ಒಂದೇ. ಮಾಣಿಕ್ಯದ ನೀಲಿ ಛಾಯೆ ಕಳೆಯಲೆಂದು ಅದಕ್ಕೆ ಸುಣ್ಣ ಮೆತ್ತಿ, ತೆಂಗಿನ ಚಿಪ್ಪಿನ ಕೆಂಡದಲ್ಲಿಟ್ಟು ಊದತೊಡಗಿದನೆಂದರೆ ಒಂದು ಗಂಟೆ ನಿಲ್ಲಿಸುವಂತಿಲ್ಲ. ಕಾವು ತಟ್ಟನೆ ಇಳಿದರೆ ಕಲ್ಲು ಬಿರಿಯುತ್ತದೆ. ಹೆಂಡತಿ ಫಲೀಲಾ ಕಾದಿದ್ದುದೂ ಅದಕ್ಕೇ. ಮಣೆ ಎಳೆದುಕೊಂಡು ಎದುರಿಗೇ ಕೂತಳು.

"ರೀ, ನಿಮಗೆ ಮುಖ ಕಂಡ್ರೆ ಆಗದ ಆ ನಳೀಮ್ ಇದಾನಲ್ಲ, ಅವನ ಮಗನ್ನೇ ಮದುವೆ ಆಗ್ತಾಳಂತೆ ನಮ್ಮ ಮಗಳು ರಿಜ್ನಾ. ಬೇಡ ಅನ್ನೋದಾದ್ರೆ ಈಗ್ಲೇ ಹೇಳ್ಬಿಡಿ."

ಮರ್ಜೂಕ್ ಕಣ್ಣು ಕೆಕ್ಕರಿಸಿದ. ಕೆಂಡ ಭಗ್ಗೆಂದಿತು.

"ಹಾಗಾದ್ರೆ ಒಪ್ಪಿಗೆ," ಎಂದು ಫಲೀಲಾ ಎದ್ದಳು.

ಆ ಸಿಟ್ಟಿಗೆ ಕಲ್ಲಿನಲ್ಲಿ ನೀಲಿಯ ಸುಳಿವೂ ಉಳಿಯಲಿಲ್ಲ. ಅಷ್ಟು ಕೆಂಪು ಕಲ್ಲು ಅವನ ಕೈಯಿಂದ ಹಿಂದೆಂದೂ ಬಂದಿರಲಿಲ್ಲ. ಫಲೀಲಾ ಅದನ್ನು ಅಳಿಯನ ಉಂಗುರಕ್ಕೆಂದು ಎತ್ತಿಟ್ಟಳು.