ಹದಿನಾಲ್ಕನೆಯ ಮುಖ

ತಮ್ಮ ಹೋದ ಸುದ್ದಿ ಬಂದಾಗ ನಾನು ಅಂಗಿಯೊಂದಕ್ಕೆ ಕಾಲರ್ ಕೂಡಿಸುತ್ತಿದ್ದೆ. ಪಾಠ ಮಾಡುತ್ತಿದ್ದವನು ಕುರ್ಚಿಯಲ್ಲಿ ಕುಳಿತನಂತೆ, ಮತ್ತೆ ಏಳಲಿಲ್ಲವಂತೆ. ಫೋನ್ ಇಟ್ಟು, ಏನೂ ತೋಚದೆ, ಆ ಕಾಲರಿನ ಹೊಲಿಗೆಯನ್ನು ಕೊನೆಯವರೆಗೂ ಹಾಕಿ ಮುಗಿಸಿದೆ. ಆಮೇಲೆ ದೇವರ ಮುಂದೆ ಕುಳಿತು ಅತ್ತುಬಿಟ್ಟೆ.

ಅವನು ಮನಶ್ಶಾಸ್ತ್ರದ ಮೇಷ್ಟ್ರು. ಮನುಷ್ಯ ಮನುಷ್ಯನನ್ನು ಹೇಗೆ ಅಳೆಯುತ್ತಾನೆ ಎಂಬುದೇ ಅವನ ಸಂಶೋಧನೆ. ಪರದೆಯ ಮೇಲೆ ಒಂದೊಂದು ಮುಖವನ್ನು ಅರ್ಧ ಸೆಕೆಂಡು ತೋರಿಸುವನು. ಆ ಮುಖದವರನ್ನು ಎಷ್ಟು ನಂಬಬಹುದೆಂದು ನೋಡಿದವರು ಒಂದರಿಂದ ಏಳರೊಳಗೆ ಅಂಕ ಕೊಡಬೇಕು. ಹೋದ ವರ್ಷ ನನ್ನನ್ನೂ ಕೂರಿಸಿದ್ದ. ನಲವತ್ತು ವರ್ಷ ಜನರ ಅಳತೆ ತೆಗೆದವಳು, ಮುಖ ನೋಡಿದರೆ ಸಾಕು, ಹುಟ್ಟುಗುಣ ಹೇಳುತ್ತೇನೆಂದು ಜಂಬ ಕೊಚ್ಚಿಕೊಂಡಿದ್ದೆ.

ಅವನು ಹೋಗಿ ಎರಡು ವಾರಕ್ಕೆ ಅವನ ಶಿಷ್ಯೆ ಕಾಲೇಜಿನ ಕೋಣೆಯಲ್ಲಿದ್ದ ಸಾಮಾನನ್ನು ಪೆಟ್ಟಿಗೆಯಲ್ಲಿ ತಂದುಕೊಟ್ಟಳು. ಅದರಲ್ಲಿ ಆ ಮುಖಗಳ ಚಿತ್ರಗಳ ಕಟ್ಟೂ ಇತ್ತು. ಒಂದೊಂದಾಗಿ ಮಗುಚುತ್ತ ಹದಿನಾಲ್ಕನೆಯದಕ್ಕೆ ಕೈ ನಿಂತಿತು. ಹುಬ್ಬಿನಿಂದ ಗದ್ದದವರೆಗೆ ಕತ್ತರಿಸಿದ ಕಪ್ಪುಬಿಳುಪು ಮುಖ. ಎಡಗಣ್ಣಿನ ಅಂಚಿನಲ್ಲಿ ಸಣ್ಣ ಕಲೆ. ಚಿಕ್ಕವನಿದ್ದಾಗ ಅಮ್ಮನ ಹೊಲಿಗೆ ಯಂತ್ರದ ಮೂಲೆ ತಾಗಿ ಆದ ಗಾಯ ಅದು.

"ಅಯ್ಯೋ, ಇದು ನನ್ನ ತಮ್ಮ ಅಲ್ವೇನೇ!"

"ಹೌದಮ್ಮಾ, ಇಪ್ಪತ್ತರ ವಯಸ್ಸಿಂದು. ಯಾರೂ ಗುರುತು ಹಿಡಿಯಲ್ಲ ಅಂತ ಸರ್ ತಾವೇ ಸೇರಿಸಿದ್ರು."

"ನಾನು ಇವನಿಗೆ ಏಳಕ್ಕೆ ಒಂದೇ ಅಂಕ ಕೊಟ್ಟಿದ್ದೆ ಕಣೇ! 'ಇವನ ಕೈಗೆ ಕತ್ತರಿ ಕೊಟ್ರೆ ವಾಪಸ್ ಬರಲ್ಲ' ಅಂತ ಬೇರೆ ಅಂದಿದ್ದೆ."

"ಗೊತ್ತು. ಸರ್ ನಕ್ಕು ನಕ್ಕು ಕೆಮ್ಮು ಹತ್ತಿ ನೀರು ಕುಡಿದ್ರು."

"ಒಳಗೆ ನೊಂದುಕೊಂಡನೇನೋ. ಸುಳ್ಳು ಹೇಳಬೇಡಮ್ಮ. ಇನ್ನು ಅವನನ್ನು ಕೇಳೋಕೂ ಆಗಲ್ಲ."

ಅವಳು ಪೆಟ್ಟಿಗೆಯ ತಳದಿಂದ ಪ್ಲಾಸ್ಟಿಕ್ ಹೊದಿಸಿದ ಒಂದು ಹಾಳೆ ತೆಗೆದಳು. ನನ್ನದೇ ಅಂಕಪಟ್ಟಿ! ಕೊನೆಯ ಸಾಲಿನಲ್ಲಿ, ನಿಮಗೆ ಚೆನ್ನಾಗಿ ಗೊತ್ತಿರುವ ಒಬ್ಬರಿಗೆ ಅಂಕ ಕೊಡಿ ಎಂದಿತ್ತು. 'ನನ್ನ ತಮ್ಮ' ಎಂದು ಬರೆದು, ಮುಂದೆ ಎಂಟು ಹಾಕಿದ್ದೆ.

"ಏಳರ ತನಕ ಅಲ್ವೇ ಇದ್ದದ್ದು?"

"ಅದಕ್ಕೇ ಈ ಹಾಳೆ ಸಂಶೋಧನೆಗೆ ಸೇರಲಿಲ್ಲ. ಆದ್ರೆ ವರ್ಷವೆಲ್ಲ ಇದನ್ನೇ ಎತ್ತಿ ಹಿಡಿದು ಪಾಠ ಮಾಡಿದ್ರು. 'ನೋಡ್ರಪ್ಪಾ, ನಮ್ಮಕ್ಕ ಅರ್ಧ ಸೆಕೆಂಡ್ ನೋಡಿ ನನ್ನನ್ನ ಕತ್ತರಿ ಕಳ್ಳ ಮಾಡಿದ್ಲು. ಐವತ್ತೇಳು ವರ್ಷ ನೋಡಿ ಏಳಕ್ಕೆ ಎಂಟು ಕೊಟ್ಟಳು. ಇಷ್ಟು ಅರ್ಥ ಆದ್ರೆ ಪರೀಕ್ಷೆ ಪಾಸು' ಅಂತಿದ್ರು."

ನಾನು ನಕ್ಕೆ. ಸುದ್ದಿ ಬಂದ ಮೇಲೆ ಅದೇ ಮೊದಲ ಸಲ ನಕ್ಕದ್ದು. ಅವಳಿಗೂ ನಗು ಬಂತು, ಕಣ್ಣಲ್ಲಿ ನೀರೂ ಬಂತು.

ಈಗ ಆ ಹಾಳೆ ನನ್ನ ಯಂತ್ರದ ಎದುರಿನ ಗೋಡೆಯ ಮೇಲಿದೆ. ಹೊಸಬರು ಅಳತೆ ಕೊಡಲು ಬಂದರೆ ಮುಖ ನೋಡಿ ಏನನ್ನೂ ಹೇಳುವುದಿಲ್ಲ. ಟೇಪು ತೆಗೆಯುತ್ತೇನೆ, ಅಷ್ಟೆ.

ದೇವರೇ, ನೀನು ಅರ್ಧ ಸೆಕೆಂಡು ನೋಡಿ ತೂಗುವವನಲ್ಲ. ಅವನ ಬಾಳನ್ನೆಲ್ಲ ನೋಡಿದ್ದೀಯೆ. ನನ್ನ ತಮ್ಮನನ್ನು ನಿನ್ನ ಹತ್ತಿರ ಇಟ್ಟುಕೊಂಡು ಅವನಿಗೆ ಶಾಂತಿ ಕೊಡು.