ಏಳನೆಯ ಮೃಗದ ಹೆಜ್ಜೆ

ಶಾಲೆಗೆ ರಜೆ ಬಂತೆಂದರೆ ಹಳೆಯ ಪೇಟೆಯ ವಸ್ತುಸಂಗ್ರಹಾಲಯದವರು ಮಕ್ಕಳಿಗಾಗಿ ಒಂದು ಬೇಟೆ ಇಡುತ್ತಾರೆ. ಬಂದೂಕಿಲ್ಲದ ಬೇಟೆ. ಕೈಗೊಂದು ಹಾಳೆ, ಒಂದು ಪೆನ್ಸಿಲ್. ನ್ಯಾಯಾಲಯದ ಸೂರಿನ ಕೆಳಗೆ ಬಾಯಿ ತೆರೆದಿರುವ ಕಲ್ಲಿನ ಸಿಂಹ, ಬ್ಯಾಂಕಿನ ಕಂಬದಲ್ಲಿ ಸುರುಳಿ ಸುತ್ತಿ ಮಲಗಿದ ಚಿಪ್ಪಿನ ಪಳೆಯುಳಿಕೆ, ಅಂಚೆ ಕಚೇರಿಯ ನೆಲದಲ್ಲಿ ಸಮುದ್ರದ ಹುಳ ಹರಿದಾಡಿದ ಜಾಡು, ಹೀಗೆ ಒಟ್ಟು ಹನ್ನೆರಡು. ಹುಡುಕಿ ಗುರುತು ಹಾಕುವವರು ಮಕ್ಕಳು, ಏದುಸಿರು ಬಿಡುವವರು ಅಪ್ಪ ಅಮ್ಮಂದಿರು.

ಹನ್ನೊಂದು ವರ್ಷಗಳಿಂದ ಈ ಬೇಟೆ ನಡೆಸುತ್ತಿರುವವಳು ಈ ಪೇಟೆಯ ಕಟ್ಟಡಗಳಲ್ಲೇ ಆಯುಷ್ಯ ಸವೆಸಿದ ಮುದುಕ ಕಲ್ಲುಕುಟಿಗನೊಬ್ಬನ ಅಕ್ಕನ ಮಗಳು. ಅವಳಿಗೂ ನಲವತ್ತು ದಾಟಿದೆ, ಮುದುಕನ ಬಾಯಲ್ಲಿ ಮಾತ್ರ ಇಂದಿಗೂ ಗುಬ್ಬಿಯೇ. ಪ್ರತಿ ವರ್ಷ ಮೊಣಕಾಲು ನೋವಿನ ನೆಪ ಹೇಳಿ ಜಾರಿಕೊಳ್ಳುತ್ತಿದ್ದ ಅವನು ಈ ಸಲ ಎಂಟು ವರ್ಷದ ಮೊಮ್ಮಗಳ ಹಟಕ್ಕೆ ಸಿಕ್ಕಿಬಿದ್ದಿದ್ದ. ಬಂದವನಿಗೆ ಖುಷಿಯೇ ಆಗಿತ್ತು. ನ್ಯಾಯಾಲಯದ ಸಿಂಹಕ್ಕೆ ಮುರಿದ ಹಲ್ಲು ಕಟ್ಟಿದವನು ಅವನೇ ಅಲ್ಲವೇ.

ಆರನೆಯದು ಮುಗಿಸಿ ಎಲ್ಲರೂ ಗ್ರಂಥಾಲಯದ ಮುಂದೆ ನಿಂತರು. ಗುಬ್ಬಿ ಬಗ್ಗಿ ಮೂರನೆಯ ಮೆಟ್ಟಿಲ ಮೇಲೆ ಅಂಗೈ ಇಟ್ಟಳು.

"ಎಲ್ಲಕ್ಕಿಂತ ನನಗಿಷ್ಟವಾದ್ದು ಇದು. ನೋಡಿ, ಮೂರು ಬೆರಳು. ಯಾವ ಕಾಲದ್ದೋ ಒಂದು ಮೃಗ ಕೆಸರಲ್ಲಿ ಇಟ್ಟ ಹೆಜ್ಜೆ. ಏಳು ವರ್ಷದವಳಿದ್ದಾಗ ಇದನ್ನ ನೋಡೇ ನಾನು ಈ ದಾರಿ ಹಿಡಿದಿದ್ದು. ಸೋಮವಾರ ಇದನ್ನ ನೋಡೋಕೆ ಪಳೆಯುಳಿಕೆಗಳ ದೊಡ್ಡ ತಜ್ಞರೊಬ್ಬರು ಬರ್ತಾರೆ. ನಮ್ಮ ಹೊಸ ಪುಸ್ತಕದ ಮುಖಪುಟಕ್ಕೆ ಇದರದ್ದೇ ಫೋಟೋ."

 ಆ ಮೃಗ ಯಾವುದೆಂದು ಮುದುಕನಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ.

ಗುಬ್ಬಿಗೆ ಏಳು ವರ್ಷವಾಗಿದ್ದಾಗ ಅವಳ ಅಪ್ಪ ತೀರಿಕೊಂಡಿದ್ದರು. ಅಕ್ಕ ಹಾಸಿಗೆ ಹಿಡಿದಿದ್ದಳು. ರಜೆಯಲ್ಲಿ ಮಗುವನ್ನು ನೋಡಿಕೊಳ್ಳುವವರಿಲ್ಲದೆ ಅವನು ಈ ಮೆಟ್ಟಿಲುಗಳ ಕೆಲಸ ನಡೆಯುತ್ತಿದ್ದ ಜಾಗಕ್ಕೇ ಕರೆತರುತ್ತಿದ್ದ. ಒಂಬತ್ತು ದಿನ ಅವಳು ತುಟಿಪಿಟಕ್ಕೆನ್ನಲಿಲ್ಲ. ಹತ್ತನೆಯ ದಿನ ಅವನ ಉಳಿ ಜಾರಿ ಮೆಟ್ಟಿಲಿಗೆ ಮೂರು ಗೀರು ಬಿತ್ತು. ಮೇಸ್ತ್ರಿಯ ಕಣ್ಣು ತಪ್ಪಿಸಲು ಅವನ್ನು ಉಜ್ಜಿ ನಯಮಾಡುತ್ತಿದ್ದಾಗ ಅವಳು "ಇದೇನು ಮಾವ?" ಎಂದಳು. ಬಂದ ಮಾತು ಮತ್ತೆ ನಿಂತುಹೋದೀತೆಂಬ ಹೆದರಿಕೆಗೆ ಅವನು ಯಾವುದೋ ಕಾಲದ ಮೃಗದ ಹೆಜ್ಜೆ ಎಂದು ಬಾಯಿಗೆ ಬಂದದ್ದನ್ನು ಹೇಳಿಬಿಟ್ಟ. ಸಂಜೆಯವರೆಗೂ ಅವಳು ಆ ಮೃಗದ ಎತ್ತರ, ಬಾಲ, ಹಲ್ಲು ಎಲ್ಲ ವಿಚಾರಿಸಿದಳು. ನಾಳೆ ಮರೆಯುತ್ತಾಳೆ ಎಂದುಕೊಂಡ. ಮಕ್ಕಳು ನಾವು ಬಯಸಿದ್ದನ್ನೇ ಮರೆಯುವಂತಿದ್ದರೆ ದೊಡ್ಡವರ ಬದುಕು ಎಷ್ಟೋ ಸಲೀಸಾಗುತ್ತಿತ್ತು.

"ಮೃಗದ್ದೇ ಅಂತ ಯಾರು ಹೇಳಿದ್ರು?" ಮೊಮ್ಮಗಳು ಕೇಳಿದಳು.

"ನಿಮ್ಮ ತಾತನೇ. ಕಲ್ಲಿನ ವಿಷಯದಲ್ಲಿ ಅವರ ಮಾತಿಗೆ ಎದುರಿಲ್ಲ," ಎಂದು ಗುಬ್ಬಿ ನಕ್ಕಳು.

ಎಲ್ಲರೂ ಅವನತ್ತ ತಿರುಗಿದರು. ಹೌದೆಂದು ತಲೆ ಆಡಿಸಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಸೋಮವಾರ ತಜ್ಞರ ಮುಂದೆ ಮಾನ ಹೋಗುವುದು ಅವಳದ್ದು. ಈಗ ಬಾಯಿ ಬಿಟ್ಟರೆ, ಅವಳು ಮೂವತ್ತೈದು ವರ್ಷ ತನ್ನ ಮೇಲಿಟ್ಟ ನಂಬಿಕೆ ಹೋಗುತ್ತದೆ. ಅವನಿಗೆ ಆಸ್ತಿಯೆಂದು ಇದ್ದದ್ದು ಅದೊಂದೇ.

"ಹೆಜ್ಜೆ ಅಲ್ಲಮ್ಮ ಅದು," ಎಂದ. "ನನ್ನ ಉಳಿ ಜಾರಿದ ಗುರುತು. ಇವಳು ಚಿಕ್ಕವಳಿದ್ದಾಗ ನಾನು ಸುಳ್ಳು ಹೇಳ್ದೆ. ತಪ್ಪು ನಂದು, ಇವಳದ್ದಲ್ಲ."

 ಕನ್ನಡಕದ ಹುಡುಗಿಯೊಬ್ಬಳು ಪೆನ್ಸಿಲ್ ಎತ್ತಿದಳು. "ಹಾಗಾದ್ರೆ ಏಳನೇದಕ್ಕೆ ಏನು ಹಾಕೋದು?"

"ಕಾಟು ಹಾಕಿ," ಎಂದಳು ಗುಬ್ಬಿ.

ಉಳಿದ ಐದನ್ನೂ ಅವಳು ಚೆನ್ನಾಗಿಯೇ ತೋರಿಸಿದಳು. ಆದರೆ ಮಾವನ ಕಡೆ ಒಮ್ಮೆಯೂ ನೋಡಲಿಲ್ಲ. ಮಕ್ಕಳೆಲ್ಲ ಹೊರಟ ಮೇಲೆ ವಸ್ತುಸಂಗ್ರಹಾಲಯದ ಜಗಲಿಯ ಬೆಂಚಿಗೆ ಬಂದು, ಅವನಿಂದ ಒಂದು ಮೊಳ ದೂರ ಕುಳಿತಳು.

"ಮಾವ, ಆ ರಜೆಯಲ್ಲಿ ಇನ್ನೊಂದು ಮಾತೂ ಹೇಳಿದ್ರಿ. 'ನನ್ನ ಮಗಳು ದೊಡ್ಡ ವಿದ್ಯಾವಂತೆ ಆಗ್ಬೇಕು' ಅಂತ ಅಪ್ಪ ಕೊನೆಗೆ ಅಂದ್ರು ಅಂತ. ಅದನ್ನ ನೆನೆಸ್ಕೊಂಡೇ ನಾನು ಓದಿದ್ದು. ಅದೂ ಹೀಗೇನಾ?"

ತಾನು ಇಷ್ಟು ಹೊತ್ತು ಹೆದರುತ್ತಿದ್ದದ್ದು ಈ ಪ್ರಶ್ನೆಗೇ ಎಂದು ಮುದುಕನಿಗೆ ಆಗ ತಿಳಿಯಿತು.

"ಅದನ್ನೂ ನಾನೇ ಕಟ್ಟಿ ಹೇಳಿದ್ದು."

ಅವಳ ಕಣ್ಣು ತುಂಬಿದವು. "ಹಾಗಾದ್ರೆ ಏನೂ ಅನ್ಲಿಲ್ವಾ?"

"ಅಂದ್ರು. ತೀರಾ ಸಣ್ಣ ಮಾತು, ಮಗುಗೆ ಹೇಳೋಕೆ ಇದೇನು ಸಾಲುತ್ತೆ ಅನ್ನಿಸ್ತು. 'ಗುಬ್ಬಿ ಊಟ ಮಾಡಿದ್ಲಾ?' ಅಂದ್ರು. ಅಷ್ಟೇ. ಆಮೇಲೆ ಮಾತಾಡ್ಲಿಲ್ಲ."

 ಗುಬ್ಬಿ ಸರಿದು ಅವನ ಪಕ್ಕಕ್ಕೆ ಬಂದಳು.

"ಊಟ ಮಾಡಿದ್ನಾ ನಾನು?"

"ಮಾಡಿದ್ದೆ. ನಾನೇ ತಿನ್ಸಿ ಬಂದಿದ್ದೆ. ಹಾಗಂತ ಅವರಿಗೂ ಹೇಳ್ದೆ. ಕೇಳಿಸ್ಕೊಂಡ್ರು."