ಕೆರೆಯದೆ ಉಳಿದ ಬಳೆ

ಗಾಜಿನ ಮೇಲೆ ಆಕಾಶ ಬೆಳ್ಳಗಿರುತ್ತಿತ್ತು, ನಕ್ಷತ್ರಗಳು ಕಪ್ಪಗೆ. ದೂರದರ್ಶಕದಲ್ಲಿ ತೆಗೆದ ಆ ನೆಗೆಟಿವ್ ಫಲಕಗಳನ್ನು ನಕ್ಷೆಪುಸ್ತಕದ ಮುದ್ರಣಕ್ಕೆಂದು ಶುಚಿ ಮಾಡುವುದು ನನ್ನ ಮತ್ತು ಫಿಲೋಮಿನಾಳ ಕೆಲಸ. ಪ್ರಖರವಾದ ನಕ್ಷತ್ರದ ಬೆಳಕು ಗಾಜಿನ ಹಿಂಬದಿಗೆ ಬಡಿದು ಮರಳಿ, ಸುತ್ತ ಒಂದು ಸುಳ್ಳು ಬಳೆ ಮೂಡಿಸುತ್ತದೆ. ಬಳೆ ಕಂಡರೆ ಬ್ಲೇಡಿನಿಂದ ಕೆರೆಯಬೇಕು. ನಮ್ಮ ವೀಕ್ಷಣಾಲಯದ ಪದ್ಧತಿ ಅದು. ಎರಡು ವರ್ಷ ನಾನು ಯೋಚಿಸದೆ ಕೆರೆದೆ.

ಒಂದು ಮಧ್ಯಾಹ್ನ, ಒಂದು ಫಲಕದ ಬಳೆಯ ಮೇಲೆ ಕೈ ನಿಂತಿತು.

"ಕೆರೆದುಬಿಡೇ ಮಾರಾಯ್ತಿ, ಅದೇನು ನಿನ್ನ ಮದುವೆ ಬಳೆಯಾ?" ಎಂದಳು ಫಿಲೋಮಿನಾ.

"ಒಂದು ಕಡೆ ದಪ್ಪಗಿದೆ ನೋಡೇ. ಗಾಜಿನ ಬೆಳಕಾಗಿದ್ರೆ ಸುತ್ತ ಒಂದೇ ಸಮ ಇರ್ತಿತ್ತು."

ಮುಖ್ಯಸ್ಥರಾದ ಅನಂತಯ್ಯನವರು ಬಂದರು. "ನಿನ್ನ ಕೆಲಸ ಕೆರೆಯೋದಮ್ಮಾ, ನೋಡೋದಲ್ಲ."

"ನೋಡದೆ ಕೆರೆಯೋದು ಹೇಗೆ ಸಾರ್?"

ಗ್ರಂಥಾಲಯದಲ್ಲಿ ಓದಿದ್ದನ್ನು ಅವರಿಗೆ ಹೇಳಿದೆ. ಸೂರ್ಯನ ಹತ್ತಾರು ಪಟ್ಟು ತೂಕದ, ಅತಿ ಬಿಸಿಯ ನಕ್ಷತ್ರ ತನ್ನ ಮೈಯನ್ನೇ ಗಾಳಿಯಾಗಿ ಬೀಸಿ ಕಳೆದುಕೊಳ್ಳುತ್ತದೆ. ಆ ಗಾಳಿ ಸುತ್ತಲಿನ ಅನಿಲವನ್ನು ದಬ್ಬಿ ದಬ್ಬಿ ಗುಳ್ಳೆ ಎಬ್ಬಿಸುತ್ತದೆ; ದೂರದಿಂದ ಅದು ಬಳೆಯಂತೆ ಕಾಣುತ್ತದೆ. ಅನಿಲ ದಟ್ಟವಾಗಿರುವ ಕಡೆ ಗುಳ್ಳೆಯ ಗೋಡೆ ದಪ್ಪ.

"ಇದು ಆಕಾಶದ್ದೇ ಆದ್ರೆ ಹಳೇ ಫಲಕಗಳಲ್ಲೂ ಇರಬೇಕಲ್ಲ?" ಎಂದು ಅವರು ಅದೇ ನಕ್ಷತ್ರದ ಮೂರು ಫಲಕಗಳನ್ನು ತರಿಸಿದರು. ಬೆಳ್ಳನೆಯ ಆಕಾಶ, ಕಪ್ಪು ಚುಕ್ಕೆ. ಬಳೆಯಿಲ್ಲ. "ಎಲ್ಲಮ್ಮಾ ನಿನ್ನ ಗುಳ್ಳೆ? ಒಡೆದು ಹೋಯ್ತಾ?" ಎಂದು ನಕ್ಕರು.

ಒಂದೊಂದನ್ನೇ ಬೆಳಕಿಗೆ ಓರೆಯಾಗಿ ಹಿಡಿದೆ. ಬ್ಲೇಡಿನ ಗೀರುಗಳು ಬಳೆಯ ಆಕಾರದಲ್ಲಿ ಮಿನುಗಿದವು, ಅದೇ ಕಡೆ ದಪ್ಪಗೆ. ಮೂರರಲ್ಲೂ. ಕೆರೆದವರು ಅಂಚಿನಲ್ಲಿ ಸಹಿ ಹಾಕಬೇಕಿತ್ತು. ಮೂರೂ ಸಹಿ ನನ್ನವು.

ಸುಮ್ಮನಿರು ಎಂಬಂತೆ ಫಿಲೋಮಿನಾ ನನ್ನ ಕಾಲು ತುಳಿದಳು.

"ಇಲ್ಲೇ ಇತ್ತು ಸಾರ್. ಅಳಿಸಿದ್ದು ನಾನು."

ಅವರ ನಗು ನಿಂತಿತು. "ಮೂರು ಫಲಕ ಹಾಳು ಮಾಡಿದೀನಿ ಅಂತ ಒಪ್ಕೊಂಡ್ರೆ ನಾಳೆ ನಿನಗೆ ಈ ಕುರ್ಚಿ ಇರಲ್ಲ. ಇದನ್ನೂ ಕೆರೆದುಬಿಡು. ಯಾರಿಗೂ ಗೊತ್ತಾಗಲ್ಲ."

"ನನಗೆ ಗೊತ್ತಾಗಿದೆಯಲ್ಲ ಸಾರ್."

ಮುದ್ರಣಕ್ಕೆ ಫಲಕಗಳ ಜೊತೆಯಲ್ಲೇ ಹೋಗುವ ದಾಖಲೆ ಪುಸ್ತಕವನ್ನು ಎಳೆದುಕೊಂಡೆ. ಮೂರು ಫಲಕಗಳ ಸಂಖ್ಯೆಯ ಎದುರು "ನಿಜವಾದ ಬಳೆ, ನಾನು ತಪ್ಪಾಗಿ ಕೆರೆದೆ" ಎಂದು ಬರೆದೆ. ನಾಲ್ಕನೆಯದರ ಎದುರು, ಅಕ್ಷರ ತುಸು ದೊಡ್ಡದಾಗಿಯೇ: "ಕೆರೆದಿಲ್ಲ." ಸಹಿ ಹಾಕಿ, ಬ್ಲೇಡನ್ನು ಅನಂತಯ್ಯನವರ ಮುಂದಿಟ್ಟು ಎದ್ದೆ.

ಬಾಗಿಲಲ್ಲಿ ಒಮ್ಮೆ ತಿರುಗಿ ನೋಡಿದೆ. ಅನಂತಯ್ಯನವರು ಏನೋ ಗದರುತ್ತಿದ್ದರು. ಫಿಲೋಮಿನಾ ಕೇಳಿಸಿಕೊಳ್ಳುತ್ತಿರಲಿಲ್ಲ. ಅವಳು ತನ್ನ ಮೇಜಿನ ಮೇಲಿದ್ದ ಫಲಕವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಕತ್ತು ವಾಲಿಸಿ, ಅದರೊಳಗಿನ ಬಳೆಯೊಂದನ್ನು ನೋಡುತ್ತ ನಿಂತಿದ್ದಳು.